ಸೈಲೆನ್ಸರ್ ಬದಲಿಸಿದ ಬೈಕಿಗೆ ಯಾವ ಫ್ಯೂಯೆಲ್ ಟ್ಯೂನರ್?

ಇಂಟರ್‌ಸೆಪ್ಟರ್ 650 ಬೈಕಿಗೆ ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ಕಡಿಮೆ ತಡೆ ಒಡ್ಡುವ ಸೈಲೆನ್ಸರ್) ಹಾಕಿಸಿದವರು ಸಾಮಾನ್ಯವಾಗಿ ಕೇಳುವುದು, ಫ್ಯೂಯೆಲ್ ಟ್ಯೂನರ್ (ಎಂಜಿನ್ನಿಗೆ ಹೋಗುವ ಪೆಟ್ರೋಲ್ ಹೊಂದಿಸುವ ಸಾಧನ) ಹಾಕಿದರೆ ಪವರ್ ಎಷ್ಟು ಜಾಸ್ತಿ ಆಗುತ್ತೆ ಅಂತ. ಅದಕ್ಕಿಂತ ಮುಂಚೆ ಇನ್ನೊಂದು ವಿಷಯ ನೋಡಬೇಕು. ನೀವು ಮಾಡಿಸಿದ ಬದಲಾವಣೆಯಿಂದ ಎಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬದಲಾಗಿದೆ, ಅದು ಬೈಕಿನ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಗೊತ್ತಾಗಿದೆಯಾ?

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಎಳೆಸುವಾಗ ಇಸಿಯು ಪೆಟ್ರೋಲ್ ಸ್ವಲ್ಪ ಜಾಸ್ತಿ ಕೊಟ್ಟು ಇದನ್ನು 13ರ ಹತ್ತಿರಕ್ಕೆ ತರುತ್ತದೆ. ಹೆಚ್ಚು ತಾಕತ್ತು ಸಿಗುವುದು ಅಲ್ಲೇ. ಆದರೆ ಒಳಗೆ ಬಂದ ಗಾಳಿ ಎಷ್ಟು ಅಂತ ಇಸಿಯು ತಿಳಿಯುವುದು ಹೇಗೆ? ಎಷ್ಟೋ ಕಾರುಗಳಲ್ಲಿ ಗಾಳಿಯನ್ನೇ ನೇರವಾಗಿ ಅಳೆಯುವ ಸೆನ್ಸರ್ ಇರುತ್ತದೆ, ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿದೆ, ಒಳಗಿನ ಒತ್ತಡ ಮತ್ತು ಬಿಸಿ ಎಷ್ಟು, ಇಷ್ಟನ್ನು ನೋಡಿ ಕಂಪನಿಯವರು ಮೊದಲೇ ತುಂಬಿಟ್ಟ ಒಂದು ಕೋಷ್ಟಕದಿಂದ ಅದು ಗಾಳಿಯನ್ನು ಅಂದಾಜು ಮಾಡುತ್ತದೆ. ಆ ಕೋಷ್ಟಕ ತಯಾರಾಗಿರುವುದು ಕಂಪನಿಯದೇ ಫಿಲ್ಟರ್, ಕಂಪನಿಯದೇ ಸೈಲೆನ್ಸರ್ ಇಟ್ಟುಕೊಂಡು. ಅವೆರಡನ್ನೂ ಬದಲಿಸಿದಿರಿ ಅಂದರೆ ಅಂದಾಜು ತಪ್ಪುತ್ತದೆ. ಟ್ಯೂನರಿನ ಕೆಲಸ ಈ ತಪ್ಪನ್ನು ಸರಿಪಡಿಸುವುದು.

ಹೊಗೆ ಹೋಗುವ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಅದು ಸರಿ ಮಾಡಲ್ವಾ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಬೈಕಿಗೆ ಕಂಪನಿಯಿಂದ ಬರುವ ಸೆನ್ಸರ್ ಸಾಮಾನ್ಯವಾಗಿ ನ್ಯಾರೋಬ್ಯಾಂಡ್. 0.1 ವೋಲ್ಟ್ ಹತ್ತಿರ ಇದ್ದರೆ ಪೆಟ್ರೋಲ್ ಕಡಿಮೆ, 0.9 ಹತ್ತಿರ ಇದ್ದರೆ ಜಾಸ್ತಿ. ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅನ್ನೋದನ್ನು ಅದು ಸರಿಯಾಗಿ ಹೇಳಲಾರದು. ಅದರ ಮಾತು ನಡೆಯುವುದೂ ಒಂದೇ ವೇಗದಲ್ಲಿ ಆರಾಮಾಗಿ ಓಡಿಸುವಾಗ ಮಾತ್ರ. ಪೂರ್ತಿ ಥ್ರಾಟಲ್ ಕೊಟ್ಟ ತಕ್ಷಣ ಇಸಿಯು ಅದನ್ನು ಬಿಟ್ಟು ಮತ್ತೆ ಕೋಷ್ಟಕವನ್ನೇ ನಂಬುತ್ತದೆ. ಎಂಜಿನ್ ಮೇಲೆ ಹೆಚ್ಚು ಭಾರ ಬೀಳುವ ಹೊತ್ತಲ್ಲೇ ತಪ್ಪು ತಿದ್ದುವವರು ಯಾರೂ ಇರುವುದಿಲ್ಲ. ಆಗ ಪೆಟ್ರೋಲ್ ತೀರಾ ಕಡಿಮೆಯಾದರೆ ಎಂಜಿನ್ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಉರಿದು ಆಗುವ ಬಡಿತ) ಶುರುವಾಗಬಹುದು, ಪಿಸ್ಟನ್ ಹಾಳಾಗಬಹುದು.

ಕೊನೆಯ ಸೈಲೆನ್ಸರ್ ಮಾತ್ರ ಬದಲಿಸಿ, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಮತ್ತು ಫಿಲ್ಟರ್ ಹಾಗೇ ಬಿಟ್ಟಿದ್ದರೆ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು. ಅಂಥವರು ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು ಬರುತ್ತಿದ್ದರೆ ಮೊದಲು ಪೈಪಿನ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯಾ ನೋಡಿಸಿ. ಫುಲ್ ಸಿಸ್ಟಮ್ (ಎಂಜಿನ್ನಿನಿಂದ ಕೊನೆಯವರೆಗೆ ಪೂರ್ತಿ ಹೊಸ ಪೈಪ್), ಓಪನ್ ಫಿಲ್ಟರ್, ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), ಬಿಗ್ ಬೋರ್ ಕಿಟ್ (ಸಿಲಿಂಡರ್ ದೊಡ್ಡದು ಮಾಡುವ ಕಿಟ್) ಇವೆಲ್ಲ ಬಂದರೆ ಆಗ ಟ್ಯೂನರ್ ನಿಜಕ್ಕೂ ಬೇಕು.

ಅಗ್ಗಕ್ಕೆ ಸಿಗುವ ಕೆಲವು ಡಬ್ಬಿಗಳು ಆಕ್ಸಿಜನ್ ಸೆನ್ಸರಿನ ಸಿಗ್ನಲ್ ತಿರುಚಿ ಪೆಟ್ರೋಲ್ ಕಡಿಮೆಯಿದೆ ಅಂತ ಇಸಿಯುವನ್ನು ನಂಬಿಸುತ್ತವೆ. ಇದರ ಪರಿಣಾಮ ನೇರವಾಗಿ ಕಾಣುವುದು ಆರಾಮಾಗಿ ಓಡಿಸುವಾಗ ಮಾತ್ರ, ಪೂರ್ತಿ ಥ್ರಾಟಲ್‌ನಲ್ಲಿ ಏನಾಗುತ್ತದೆ ಅನ್ನೋದಕ್ಕೆ ಖಾತ್ರಿ ಇಲ್ಲ. ನಾನು ಇವನ್ನು ಯಾರಿಗೂ ಹೇಳುವುದಿಲ್ಲ. ಪಿಗ್ಗಿಬ್ಯಾಕ್ ಟ್ಯೂನರ್ ಹಾಗಲ್ಲ, ಅದು ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಇಂಜೆಕ್ಟರ್ ತೆರೆದಿರುವ ಸಮಯವನ್ನೇ ಬದಲಿಸುತ್ತದೆ. ನಿಮಿಷಕ್ಕೆ 7200 ಸುತ್ತಿನಲ್ಲಿ ಎಂಜಿನ್ನಿನ ಒಂದು ಪೂರ್ತಿ ಆವರ್ತಕ್ಕೆ (ಎರಡು ಸುತ್ತು) ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅದರೊಳಗೆ ಇಸಿಯು 10 ಮಿಲಿಸೆಕೆಂಡ್ ಅಂದರೆ ಟ್ಯೂನರ್ ಅದನ್ನು 10.6 ಮಾಡುತ್ತದೆ, ಅಷ್ಟೇ. ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಫ್ಯೂಯೆಲ್‌ಎಕ್ಸ್ ಈ ಜಾತಿಯದು. ಅವರದೇ ಪವರ್‌ಟ್ರಾನಿಕ್ ಪೆಟ್ರೋಲ್ ಜೊತೆಗೆ ಸ್ಪಾರ್ಕ್ ಕೊಡುವ ಸಮಯವನ್ನೂ ಬದಲಿಸುತ್ತದೆ. ಸೈಲೆನ್ಸರ್, ಫಿಲ್ಟರ್ ಮಾತ್ರ ಬದಲಿಸಿದ್ದರೆ ಮೊದಲನೆಯದು ಸಾಕು. ಕ್ಯಾಮ್, ಕಂಪ್ರೆಷನ್ ಮುಟ್ಟಿದ್ದರೆ ಎರಡನೆಯದರಂಥದ್ದು ಅಥವಾ ಇಸಿಯು ರೀಮ್ಯಾಪ್ (ಇಸಿಯು ಒಳಗಿನ ಕೋಷ್ಟಕವನ್ನೇ ಬದಲಿಸುವುದು) ಬೇಕಾಗುತ್ತದೆ.

ಪಿಗ್ಗಿಬ್ಯಾಕ್‌ನಲ್ಲಿ ನನಗೆ ತುಂಬ ಇಷ್ಟವಾಗುವ ಗುಣ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇಕಡಾ 10ರಷ್ಟು ಏರುತ್ತದೆ. ಇಸಿಯು ತನ್ನ ಒತ್ತಡದ ಸೆನ್ಸರ್ ನೋಡಿ ಪೆಟ್ರೋಲ್ ಹೆಚ್ಚಿಸುತ್ತದೆ. ಪಿಗ್ಗಿಬ್ಯಾಕ್ ಆ ಲೆಕ್ಕದ ಮೇಲೆ ಶೇಕಡಾವಾರು ಸೇರಿಸುವುದರಿಂದ ಬೆಂಗಳೂರಲ್ಲಿ ಮಾಡಿದ ಮ್ಯಾಪ್ (ಟ್ಯೂನರಿಗೆ ತುಂಬಿದ ಕೋಷ್ಟಕ) ಮಂಗಳೂರಲ್ಲೂ ನಡೆಯುತ್ತದೆ. ಕಂಪನಿಯ ಇಸಿಯು ಕಿತ್ತು ಬೇರೆಯದನ್ನೇ ಕೂರಿಸಿದರೆ ಈ ಎಲ್ಲ ಲೆಕ್ಕವನ್ನೂ ಹೊಸದಾಗಿ ತುಂಬಬೇಕು.

ಯಾವ ಟ್ಯೂನರ್ ತಗೊಂಡರೂ ಡೈನೊ (ಬೈಕಿನ ಪವರ್ ಅಳೆಯುವ ಯಂತ್ರ) ಮೇಲೆ, ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಅಂತ ಸರಿಯಾಗಿ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನಿಮ್ಮ ಬೈಕಿನ ರೀಡಿಂಗ್ ತೆಗೆಯುವವರ ಹತ್ತಿರವೇ ಹೋಗಿ. ಬೇರೆ ಬೈಕಿನ ಮ್ಯಾಪ್ ತುಂಬಿಸಿ ಕಳಿಸಿದರೆ ಅದೂ ಇನ್ನೊಂದು ಅಂದಾಜೇ. ಪಿಕಪ್ ಚೆನ್ನಾಗಿದೆ ಅಂತ ಪೆಟ್ರೋಲ್ ಸುರಿಯುತ್ತಾ ಹೋದರೆ ಪ್ಲಗ್ ಕಪ್ಪಾಗುತ್ತದೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹೋಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ. ಹೊಗೆಯ ವಿಷ ನಾವೇ ಉಸಿರಾಡೋದು, ಮೇಲಾಗಿ ಅದು ಕಾನೂನಿಗೂ ವಿರುದ್ಧ.

ಇನ್ನೊಂದು ವಿಷಯ ಹಳೇ ಮ್ಯಾಪ್ ಇರುವವರಿಗೆ. ನಮ್ಮ ಬಂಕುಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್. ಇದಕ್ಕೆ ಬೇಕಾದ ಗಾಳಿಯ ಪ್ರಮಾಣ ಸುಮಾರು 13.5, ಮೊದಲಿನ ಇ10ಕ್ಕೆ 14.1ರ ಹತ್ತಿರ ಇತ್ತು. ಅಷ್ಟೇ ಗಾಳಿಗೆ ಶೇಕಡಾ 4ರಷ್ಟು ಇಂಧನ ಜಾಸ್ತಿ ಬೇಕು. ಇ10 ಹಾಕಿ ಡೈನೊ ಮಾಡಿಸಿದ್ದವರು ಹೊಸದೇನೂ ಕೊಳ್ಳಬೇಕಿಲ್ಲ, ಅದೇ ಟ್ಯೂನರ್ ಇಟ್ಟುಕೊಂಡು ಇನ್ನೊಮ್ಮೆ ರೀಡಿಂಗ್ ತೆಗೆಸಿ.