200 ಇದ್ದದ್ದು 100 ಆಯ್ತು: ವಿಮಾನ ನಿಲ್ದಾಣದಲ್ಲಿ ಸಿಗರೇಟಿನ ಲೆಕ್ಕ

ದುಬೈ ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಸಿಗರೇಟಿನ ವ್ಯಾಪಾರ ಹೆಚ್ಚಾಗಿ ಕಾರ್ಟನ್ ಲೆಕ್ಕದಲ್ಲೇ ನಡೆಯುತ್ತದೆ. ಒಂದು ಕಾರ್ಟನ್ ಅಂದರೆ 10 ಪ್ಯಾಕು. ಪ್ಯಾಕಿಗೆ 20ರಂತೆ 200 ಸಿಗರೇಟು. ಊರಿಗೆ ಹೊರಟವರು ಭಾವನಿಗೋ ಹಳೆಯ ದೋಸ್ತಿಗೋ ಅಂತ ಒಂದನ್ನು ಎತ್ತಿಕೊಳ್ಳುತ್ತಾರೆ. ಅಂಗಡಿಯವರು ಪಾಸ್‌ಪೋರ್ಟ್ ನೋಡಿ, ಬಿಲ್ಲು ಹರಿದು, ಚೀಲಕ್ಕೆ ಸೀಲು ಹಾಕಿ ಕೊಡುತ್ತಾರೆ. ಎಲ್ಲವೂ ಸರಿಯಾಗಿಯೇ ಇದೆ. ಆದರೆ ಮೂರು-ನಾಲ್ಕು ಗಂಟೆ ಕಳೆದು ಬಜ್ಪೆಯಲ್ಲೋ ದೇವನಹಳ್ಳಿಯಲ್ಲೋ ಇಳಿಯುವಷ್ಟರಲ್ಲಿ, ಅದೇ ಚೀಲದಲ್ಲಿರುವ ಅರ್ಧ ಮಾಲು ಮಿತಿ ಮೀರಿದ ಸರಕಾಗಿರುತ್ತದೆ.

ಯಾಕೆಂದರೆ ಭಾರತದಲ್ಲಿ ಸುಂಕವಿಲ್ಲದೆ ತರಬಹುದಾದ ಸಿಗರೇಟು 100 ಮಾತ್ರ. ಕಾರ್ಟನ್ ಮಾತ್ರ ಇನ್ನೂ 200ರದ್ದೇ. ಇದರಲ್ಲಿ ಅಂಗಡಿಯವರ ಮೋಸ ಏನೂ ಇಲ್ಲ. ನಿಯಮ ಬದಲಾಯಿತು, ಡಬ್ಬಿ ಬದಲಾಗಲಿಲ್ಲ, ಅಷ್ಟೇ.

ಈ 200 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕಿದರೆ 1954ಕ್ಕೆ ಹೋಗಬೇಕಾಗುತ್ತದೆ. ಎರಡನೇ ಮಹಾಯುದ್ಧ ಮುಗಿದು ಜನ ಮತ್ತೆ ದೇಶ ಸುತ್ತಲು ಶುರು ಮಾಡಿದ್ದ ಕಾಲ. ಒಂದೊಂದು ಗಡಿಯಲ್ಲಿ ಒಂದೊಂದು ನಿಯಮ, ಒಬ್ಬೊಬ್ಬ ಅಧಿಕಾರಿಯದು ಒಂದೊಂದು ಮರ್ಜಿ. ಇದಕ್ಕೊಂದು ಅಳತೆ ಬೇಕು ಅಂತ ವಿಶ್ವಸಂಸ್ಥೆಯ ನೇತೃತ್ವದಲ್ಲಿ ಆ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಒಪ್ಪಂದ ಆಯಿತು. ಪ್ರವಾಸಿ ತನ್ನ ಬಳಕೆಗೆ 200 ಸಿಗರೇಟು, ಇಲ್ಲವೇ 50 ಸಿಗಾರು, ಇಲ್ಲವೇ 250 ಗ್ರಾಂ ತಂಬಾಕು ತರಬಹುದು ಅಂತ ಅದರಲ್ಲಿ ಬರೆದರು. ಜೊತೆಗೆ ಒಂದು ಬಾಟಲಿ ವೈನ್, ಕಾಲು ಲೀಟರ್ ಮದ್ಯ, ಸ್ವಲ್ಪ ಅತ್ತರು. ಆಗ ಸಿಗರೇಟು ಹಲ್ಲುಜ್ಜುವ ಬ್ರಷ್ಷಿನಷ್ಟೇ ಸಹಜವಾದ ಪ್ರಯಾಣದ ಸಾಮಾನು. ಅದು ಬೇರೆ ಥರದ ವಸ್ತು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಸುಂಕವಿಲ್ಲದ ಅಂಗಡಿಯ ಹುಟ್ಟೂ ಆ ಕಾಲದ್ದೇ. 1947ರಲ್ಲಿ ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಬ್ರೆಂಡನ್ ಒ'ರೀಗನ್ ಅನ್ನುವವರು ಮೊದಲನೆಯದನ್ನು ತೆರೆದರು. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲ್ಲಿ ಇಳಿಯಲೇಬೇಕಿತ್ತು. ಅಷ್ಟು ಹೊತ್ತು ಸುಮ್ನೆ ಕೂತ ಪ್ರಯಾಣಿಕರಿಗೆ ಏನಾದರೂ ಮಾರೋಣ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಎಷ್ಟು ಚೆನ್ನಾಗಿ ಫಲಿಸಿತು ಅನ್ನೋದನ್ನು ಇವತ್ತು ಯಾವ ದೊಡ್ಡ ವಿಮಾನ ನಿಲ್ದಾಣಕ್ಕೆ ಹೋದರೂ ನೋಡಬಹುದು.

ನಮ್ಮಲ್ಲಿ 1998ರ ಬ್ಯಾಗೇಜ್ ನಿಯಮಗಳಲ್ಲೂ ಅದೇ 200, 50, 250 ಗ್ರಾಂ ಇತ್ತು. ಗಲ್ಫಿನಿಂದ ಬಂದವರ ಸೂಟ್‌ಕೇಸಿನಲ್ಲಿ ಟ್ಯಾಂಗ್ ಡಬ್ಬ, ನಿಡೋ ಹಾಲಿನ ಪುಡಿ, ಟೈಗರ್ ಬಾಮ್, ಪಕ್ಕದಲ್ಲಿ ಒಂದು ಕಾರ್ಟನ್ ಮಾರ್ಲ್‌ಬರೊ ಅಥವಾ 555. ಕರಾವಳಿಯವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರಿಗೆ ಒಂದು ಕಾರ್ಟನ್ ಅನ್ನೋದು ನಿಯಮದ ಪುಸ್ತಕ ಓದದವರಿಗೂ ಗೊತ್ತಿದ್ದ ಮಾತು. ಅಪ್ಪನಿಂದ ಮಗನಿಗೆ, ರೂಮ್‌ಮೇಟಿನಿಂದ ರೂಮ್‌ಮೇಟಿಗೆ ಹಾಗೇ ದಾಟುತ್ತಿತ್ತು.

ಅದು ಮುರಿದದ್ದು 2014ರ ಜುಲೈ 10ರಂದು. ಹೊಸ ಸರ್ಕಾರದ ಮೊದಲ ಬಜೆಟ್ಟಿನಲ್ಲಿ ಹಣಕಾಸು ಸಚಿವ ಅರುಣ್ ಜೇಟ್ಲಿ ಪ್ರಯಾಣಿಕರಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ತೆಗೆದುಕೊಂಡರು. ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮೌಲ್ಯ 35,000 ರೂಪಾಯಿಯಿಂದ 45,000ಕ್ಕೆ ಏರಿತು. ಸಿಗರೇಟು 200ರಿಂದ 100ಕ್ಕೆ ಇಳಿಯಿತು. ಸಿಗಾರು 25, ತಂಬಾಕು 125 ಗ್ರಾಂ ಆಯಿತು. ಪತ್ರಿಕೆಗಳು ಮೊದಲಿನದನ್ನು ದೊಡ್ಡದಾಗಿ ಬರೆದವು, ಎರಡನೆಯದು ಒಂದು ಸಾಲಿನಲ್ಲಿ ಹೋಯಿತು. ಅದೇ ಬಜೆಟ್ಟಿನಲ್ಲಿ ಸಿಗರೇಟಿನ ಅಬಕಾರಿ ಸುಂಕವನ್ನೂ ಉದ್ದಕ್ಕೆ ತಕ್ಕಂತೆ 11ರಿಂದ 72% ಏರಿಸಿದ್ದರು. ದೇಶದೊಳಗೆ ಬೆಲೆ ಏರಿಸಿ, ವಿಮಾನ ನಿಲ್ದಾಣದ ಬಾಗಿಲು ಅಗಲವಾಗಿ ತೆರೆದಿಟ್ಟರೆ ಏನು ಪ್ರಯೋಜನ, ಅಲ್ವಾ? ಎರಡನ್ನೂ ಒಟ್ಟಿಗೆ ಮಾಡಿದ್ದರಲ್ಲಿ ತರ್ಕ ಇದೆ.

ಇದರ ಹಿಂದೆ ಇನ್ನೂ ಹಳೆಯ ಕಾರಣ ಒಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರ ಫೆಬ್ರವರಿಯಲ್ಲೇ ಒಪ್ಪಿಗೆ ಹಾಕಿತ್ತು. ಅಂತರರಾಷ್ಟ್ರೀಯ ಪ್ರಯಾಣಿಕರು ಸುಂಕವಿಲ್ಲದ ತಂಬಾಕು ತರುವುದನ್ನು ನಿಷೇಧಿಸಬೇಕು ಅಥವಾ ಮಿತಿಗೊಳಿಸಬೇಕು ಅಂತ ಅದರ 6ನೇ ವಿಧಿ ದೇಶಗಳಿಗೆ ಹೇಳುತ್ತದೆ. 1954ರ ಒಪ್ಪಂದ 'ತರಲಿ ಬಿಡಿ' ಅಂದಿತ್ತು. ಐವತ್ತು ವರ್ಷ ಕಳೆದ ಮೇಲೆ ಬಂದ ಒಪ್ಪಂದ 'ಬೇಡ, ತಡೆಯಿರಿ' ಅಂದಿತು.

2016ರ ಏಪ್ರಿಲ್ 1ರಿಂದ ಬಂದ ಹೊಸ ಬ್ಯಾಗೇಜ್ ನಿಯಮಗಳೂ 100ರ ಮಿತಿಯನ್ನೇ ಉಳಿಸಿಕೊಂಡವು. ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಇವು 'ಮೂರೂ ತನ್ನಿ' ಅನ್ನುವ ಲೆಕ್ಕ ಅಲ್ಲ. 100 ಸಿಗರೇಟು ಅಥವಾ 25 ಸಿಗಾರು ಅಥವಾ 125 ಗ್ರಾಂ ತಂಬಾಕು. ಇನ್ನೊಂದು ಜಾಗ: 'ನನ್ನ ಪಾಲು ಹೆಂಡತಿಯ ಪಾಲು ಸೇರಿಸಿದರೆ 200 ಆಯ್ತಲ್ಲ' ಅನ್ನುವುದು. ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿಗೆ ಸೇರಿಸುವ ಹಾಗಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಒಬ್ಬರ ಚೀಲದಲ್ಲಿ ಇಡೀ ಕಾರ್ಟನ್ ಇಟ್ಟುಕೊಂಡು, ಸುಂಕ ಕಟ್ಟುವ ಸಾಮಾನು ಏನೂ ಇಲ್ಲ ಅನ್ನುವವರ ದಾರಿಯಾದ ಗ್ರೀನ್ ಚಾನೆಲ್‌ನಲ್ಲಿ ನಡೆದರೆ ವಾದಕ್ಕೆ ಬಲ ಕಡಿಮೆ.

ಮಿತಿಗಿಂತ ಜಾಸ್ತಿ ಇದ್ದರೆ ಏನಾಗುತ್ತದೆ? ಅದು ನೀವು ಯಾವ ದಾರಿಯಲ್ಲಿ ನಡೆದಿರಿ ಅನ್ನುವುದರ ಮೇಲೆ ನಿಂತಿದೆ. ರೆಡ್ ಚಾನೆಲ್‌ಗೆ ಹೋಗಿ 'ಇಷ್ಟಿದೆ' ಅಂತ ಹೇಳಿದರೆ ಹೆಚ್ಚುವರಿಗೆ ಸುಂಕ ಕಟ್ಟಬೇಕು. ಮಾಮೂಲಿ ಸಾಮಾನಿಗೆ ಸಿಗುವ ರಿಯಾಯಿತಿ ದರ ಸಿಗರೇಟಿಗೆ ಸಿಗುವುದಿಲ್ಲ. ಡ್ಯೂಟಿ ಫ್ರೀಯಲ್ಲಿ ಉಳಿಸಿದ ದುಡ್ಡು ಇಲ್ಲಿ ಹೋಗುತ್ತದೆ. ಹೇಳದೆ ಗ್ರೀನ್ ಚಾನೆಲ್‌ನಲ್ಲಿ ನಡೆದು ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಮಾಲು ಮುಟ್ಟುಗೋಲು, 112ರ ಪ್ರಕಾರ ದಂಡ. ಆಗ 'ಸಾರ್, ಗೊತ್ತಿರಲಿಲ್ಲ, ತಮ್ಮನ ಮದುವೆಗೆ ತಂದದ್ದು' ಅಂತ ಶುರು ಮಾಡಿದರೆ ಸುಂಕದವನ ಹತ್ತಿರ ಸುಖ-ದುಃಖ ಹೇಳಿಕೊಂಡ ಹಾಗೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಅದೇ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿದೆ. ಸುಂಕ ಬೀಳುವ ಅಥವಾ ತರಬಾರದ ವಸ್ತು ಕೈಯಲ್ಲಿದೆ, ಆದರೆ ಅದನ್ನು ನೀವೇ ನಿಜವಾಗಿ ಹೇಳಿದ್ದೀರಿ. ಆಗ ಅದನ್ನು ಕಸ್ಟಮ್ಸ್‌ನವರ ಬಳಿ ಇಟ್ಟು, ರಸೀದಿ ಪಡೆದು, ವಾಪಸು ಹೊರಡುವಾಗ ತೆಗೆದುಕೊಂಡು ಹೋಗಲು ಕೇಳಬಹುದು. ರಜೆಗೆ ಬಂದು ಹೋಗುವವರಿಗೆ ಇದು ಉಪಯೋಗಕ್ಕೆ ಬರುವ ಮಾತು. 'ನೀವೇ ಹೇಳಿದ್ದೀರಿ' ಅನ್ನುವುದೇ ಇಲ್ಲಿ ಮುಖ್ಯ. ಹಿಡಿದ ಮೇಲೆ ಹೇಳಿದರೆ ಲೆಕ್ಕಕ್ಕಿಲ್ಲ.

ಎಣಿಕೆಯ ಕಥೆ ಇಷ್ಟು. ಪ್ಯಾಕಿನ ಮುಖದ ಕಥೆ ಬೇರೆ, ಮತ್ತು ಅದರಲ್ಲಿ ಕರ್ನಾಟಕಕ್ಕೂ ಒಂದು ಪಾತ್ರ ಇದೆ. 2003ರ ತಂಬಾಕು ಕಾಯ್ದೆಯ ಪ್ರಕಾರ ಭಾರತದಲ್ಲಿ ಮಾರಲು ತರುವ ಪ್ರತಿ ಪ್ಯಾಕಿನ ಮೇಲೂ ನಮ್ಮ ಸರ್ಕಾರ ಹೇಳಿದ ಎಚ್ಚರಿಕೆ ಇರಬೇಕು. 2009ರ ಮೇ 31ರಿಂದ ಚಿತ್ರಗಳು ಬಂದವು. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯ 85% ಜಾಗ ಚಿತ್ರ ಮತ್ತು ಎಚ್ಚರಿಕೆಯ ಬರಹಕ್ಕೇ ಹೋಯಿತು. ತಂಬಾಕು ಕಂಪನಿಗಳು ಬೇರೆ ಬೇರೆ ಹೈಕೋರ್ಟುಗಳಿಗೆ ಹೋದವು. ಸುಪ್ರೀಂ ಕೋರ್ಟ್ ಎಲ್ಲ ಪ್ರಕರಣಗಳನ್ನೂ ಒಟ್ಟು ಮಾಡಿ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟು 85%ರ ನಿಯಮವನ್ನು ರದ್ದು ಮಾಡಿತು. ಒಂದು ತಿಂಗಳೂ ಆಗಿರಲಿಲ್ಲ, 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ದೊಡ್ಡ ಚಿತ್ರ ಉಳಿಯಿತು.

ವಿಮಾನ ನಿಲ್ದಾಣಕ್ಕೂ ಇದಕ್ಕೂ ಏನು ಸಂಬಂಧ? ಸ್ವಂತಕ್ಕೆ ತಂದ 100 ಸಿಗರೇಟಿನ ಪ್ಯಾಕಿನ ಮೇಲೆ ನಮ್ಮ ಚಿತ್ರ ಇಲ್ಲದಿದ್ದರೆ ತೊಂದರೆ ಇಲ್ಲ. ಕಾಯ್ದೆ ಹೇಳುವುದು ಮಾರಾಟಕ್ಕೆ ತರುವುದರ ಬಗ್ಗೆ. ಆದರೆ ಸೂಟ್‌ಕೇಸ್ ತುಂಬ ತಂದಿದ್ದರೆ ಚಿತ್ರವಿಲ್ಲದ ಪ್ಯಾಕೇ ಸಾಕ್ಷಿ ಹೇಳುತ್ತದೆ. ಸಿಗರೇಟು ಹಿಡಿದ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಇಂಡೋನೇಷ್ಯಾದ ಗುಡಂಗ್ ಗರಂ, ಕೊರಿಯಾದ ಎಸ್ಸೆ ಇವೆಲ್ಲ ಹೀಗೆ ಒಳಬರುವ ಮಾಲೇ. ಪಾನ್ ಅಂಗಡಿಯಲ್ಲಿ ಬಾಯಿ ಹುಣ್ಣಿನ ಚಿತ್ರವಿಲ್ಲದ ನುಣುಪಾದ ವಿದೇಶಿ ಪ್ಯಾಕು ಕಂಡರೆ ಅದು ಯಾವ ದಾರಿಯಲ್ಲಿ ಬಂದಿರಬಹುದು ಅಂತ ಊಹಿಸುವುದು ಕಷ್ಟ ಅಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಿತಿಯ ಮಾತು. ಇ-ಸಿಗರೇಟಿಗೆ ಬಂದರೆ ಮಿತಿ ಅನ್ನುವುದೇ ಇಲ್ಲ. ಒಂದೂ ತರುವ ಹಾಗಿಲ್ಲ.

ಇದರಲ್ಲೂ ಕರ್ನಾಟಕ ಮುಂಚೆ ಹೆಜ್ಜೆ ಇಟ್ಟಿತ್ತು. 2016ರ ಜೂನ್‌ನಲ್ಲೇ ರಾಜ್ಯದಲ್ಲಿ ಇ-ಸಿಗರೇಟಿನ ಮಾರಾಟ ನಿಂತಿತ್ತು. ಕೇಂದ್ರದ ಆರೋಗ್ಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿತು. ಕಸ್ಟಮ್ಸ್‌ಗೂ ಸುತ್ತೋಲೆ ಹೋಯಿತು. ಆದರೆ ಇದು ಔಷಧಿಯೇ, ತಂಬಾಕೇ, ಬರೀ ಒಂದು ಎಲೆಕ್ಟ್ರಾನಿಕ್ ಸಾಮಾನೇ ಅನ್ನುವ ಪ್ರಶ್ನೆ ಬಗೆಹರಿದಿರಲಿಲ್ಲ. ಔಷಧ ಕಾಯ್ದೆಯ ಹೆಸರಲ್ಲಿ ತಡೆಯಲು ಹೊರಟಾಗ ದೆಹಲಿ ಹೈಕೋರ್ಟು 2019ರಲ್ಲಿ ತಡೆ ಹಾಕಿತು. ಹಾಗಾಗಿ ಬೇರೆ ಕಾನೂನೇ ಬೇಕಾಯಿತು. 2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಪತ್ರಿಕಾಗೋಷ್ಠಿಯಲ್ಲಿ ನಿಷೇಧ ಘೋಷಿಸಿದರು. ಮೊದಲು ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ.

ಅದರ ಹೆಸರಿನಲ್ಲೇ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲ ಇದೆ. ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ, ಇ-ಹುಕ್ಕಾ ಕೂಡ ಇದರ ಬಲೆಯೊಳಗೇ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. 'ಸ್ವಂತಕ್ಕೆ ಒಂದು ಇಟ್ಟುಕೊಂಡರೆ?' ಅನ್ನುವ ಪ್ರಶ್ನೆ ಬಹಳ ದಿನ ತೇಲಾಡುತ್ತಿತ್ತು, ಯಾಕೆಂದರೆ ಸೇದುವುದು ಅಪರಾಧ ಅಂತ ಕಾಯ್ದೆಯಲ್ಲಿ ಬರೆದಿಲ್ಲ. 2023ರಲ್ಲಿ ಆರೋಗ್ಯ ಸಚಿವಾಲಯ ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಉಲ್ಲಂಘನೆಯೇ ಅಂತ ಹೇಳಿತು. ಅದೇನೇ ಇರಲಿ, ಗಡಿ ದಾಟಿಸಿ ತಂದರೆ ಅದು ಆಮದು. ಅಲ್ಲಿ ಗೊಂದಲವೇ ಇಲ್ಲ.

ನನಗೆ ವಿಚಿತ್ರ ಅನ್ನಿಸುವುದು ಇನ್ನೊಂದು. ಅದೇ 2023ರಲ್ಲಿ ಇಂಗ್ಲೆಂಡಿನ ಸರ್ಕಾರ ಸಿಗರೇಟು ಬಿಡಲಿ ಅಂತ ಹತ್ತು ಲಕ್ಷ ಜನರಿಗೆ ವೇಪ್ ಕಿಟ್, ಅಂದರೆ ಇದೇ ಇ-ಸಿಗರೇಟು, ಪುಕ್ಕಟೆ ಕೊಡುವ ಯೋಜನೆ ಪ್ರಕಟಿಸಿತ್ತು. ಲಂಡನ್ನಿನಲ್ಲಿರುವ ನಮ್ಮ ಹುಡುಗನಿಗೆ ಅದು ಚಟ ಬಿಡಿಸುವ ಸಾಧನ. ಅದನ್ನೇ ಜೇಬಿನಲ್ಲಿಟ್ಟುಕೊಂಡು ದೇವನಹಳ್ಳಿಯಲ್ಲಿ ಇಳಿದರೆ ಕಾನೂನುಬಾಹಿರ ಆಮದು. ನಿಜವಾದ ಸಿಗರೇಟು 100 ತಂದರೆ ಯಾರೂ ಕೇಳುವುದಿಲ್ಲ. ಎರಡರಲ್ಲಿ ಯಾವುದು ಸರಿ ಅಂತ ವೈದ್ಯರು ಜಗಳ ಆಡಲಿ. ಪ್ರಯಾಣಿಕ ಮಾತ್ರ ಅದನ್ನು ಲಂಡನ್ನಿನ ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಇನ್ನು ಇಲ್ಲಿಂದ ಹೊರಡುವವರ ಪಾಡು. ನಾವು ಒಯ್ಯುವುದು ಬೀಡಿ, ಗುಟ್ಖಾ, ಜರ್ದಾ. ಗುಟ್ಖಾ ಕರ್ನಾಟಕದಲ್ಲೇ 2013ರ ಮೇ 31ರಿಂದ ನಿಷೇಧ. ಸಿಂಗಪುರದಲ್ಲಿ ಜಗಿಯುವ ತಂಬಾಕಿಗೆ ಮೊದಲಿಂದಲೂ ಬಾಗಿಲು ಮುಚ್ಚಿತ್ತು. 2016ರ ಆಗಸ್ಟ್ 1ರಿಂದ ಗುಟ್ಖಾ, ಖೈನಿ, ಜರ್ದಾಗಳನ್ನೂ ಹೆಸರು ಹಿಡಿದೇ ನಿಷೇಧಿಸಿದರು. ಸಿಂಗಪುರದಲ್ಲಿ ಸಿಗರೇಟಿಗೂ ಸುಂಕವಿಲ್ಲದ ಮಿತಿ ಇಲ್ಲ, ಮೊದಲ ಸಿಗರೇಟಿನಿಂದಲೇ ತೆರಿಗೆ. 2018ರ ಫೆಬ್ರವರಿಯಿಂದ ವೇಪ್ ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ.

ಬೀಡಿಯದು ಇನ್ನೊಂದು ಥರ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಹೆಂಗಸರು ಕಟ್ಟಿದ ಬೀಡಿ ಅಮೆರಿಕದ ಅಂಗಡಿಗಳಿಗೂ ಹೋಗಿತ್ತು. ಮಕ್ಕಳ ಜೀತದ ದುಡಿಮೆಯ ಆರೋಪದ ಮೇಲೆ 1999ರ ನವೆಂಬರ್‌ನಲ್ಲಿ ಅಮೆರಿಕದ ಕಸ್ಟಮ್ಸ್ ಕರ್ನಾಟಕದ ಒಂದು ದೊಡ್ಡ ಬೀಡಿ ಕಂಪನಿಯ ಮಾಲನ್ನು ತಡೆಯಿತು. ಈಗಾಗಲೇ ಮಾರುಕಟ್ಟೆಯಲ್ಲಿದ್ದ ತಂಬಾಕಿನ ಮಾರಾಟ ನಿಲ್ಲಿಸುವಂತೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಬಾರಿ ಆದೇಶ ಕೊಟ್ಟದ್ದೂ ಬೀಡಿಗೇ, 2014ರ ಫೆಬ್ರವರಿಯಲ್ಲಿ.

ಮಿತಿಯನ್ನು ಕುಗ್ಗಿಸುತ್ತಾ ಹೋಗುವ ಆಟದಲ್ಲಿ ಭಾರತ ಇನ್ನೂ ಧಾರಾಳಿ. ಆಸ್ಟ್ರೇಲಿಯಾ 250 ಸಿಗರೇಟು ಬಿಡುತ್ತಿತ್ತು. 2012ರ ಸೆಪ್ಟೆಂಬರ್‌ನಲ್ಲಿ 50 ಮಾಡಿತು, 2017ರ ಜುಲೈನಲ್ಲಿ 25. ನ್ಯೂಜಿಲೆಂಡ್ 2014ರಲ್ಲಿ 200ರಿಂದ 50ಕ್ಕೆ ಬಂತು. ಹಾಂಗ್‌ಕಾಂಗ್‌ನಲ್ಲಿ 2010ರಿಂದ 19. ಹೌದು, ಹತ್ತೊಂಬತ್ತು. 20ರ ಪ್ಯಾಕು ಒಡೆಯದೆ ತಂದರೆ ಒಂದು ಜಾಸ್ತಿ. ಇಳಿಯುವ ಮೊದಲು ಆ ಒಂದನ್ನು ಎಲ್ಲಾದರೂ ಖಾಲಿ ಮಾಡಿರಬೇಕು. ವಿಮಾನದಲ್ಲಂತೂ ಸೇದುವ ಹಾಗಿಲ್ಲ.