ಇನ್ನೊಬ್ಬ ಕುಡುಕ ಬೇಕಾಗಿದ್ದಾನೆ

1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಆಕ್ರನ್ ಎಂಬ ಊರು, ಟೈರು ಕಾರ್ಖಾನೆಗಳ ಊರು. ಅಲ್ಲಿನ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ 39 ವರ್ಷದ ಬಿಲ್ ವಿಲ್ಸನ್ ಶತಪಥ ಹಾಕುತ್ತಿದ್ದ. ಕಂಪನಿಯೊಂದರ ಆಡಳಿತ ಹಿಡಿಯಲು ನ್ಯೂಯಾರ್ಕಿನಿಂದ ಬಂದಿದ್ದ ಅವನ ಗುಂಪು ಸೋತು ವಾಪಸ್ ಹೋಗಿತ್ತು. ಇವನೊಬ್ಬನೇ ಉಳಿದಿದ್ದ. ಕಿಸೆಯಲ್ಲಿ ಹತ್ತು ಡಾಲರ್ ಆಸುಪಾಸು. ಲಾಬಿಯ ಒಂದು ತುದಿಯಲ್ಲಿ ಬಾರು, ಅಲ್ಲಿಂದ ನಗು, ಹರಟೆ, ಗ್ಲಾಸುಗಳ ಸದ್ದು. ಇನ್ನೊಂದು ತುದಿಯಲ್ಲಿ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ.

ಅವನು ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ.

ಇಂಥ ಸದ್ದು ಕುಡಿತ ಬಿಟ್ಟವನ ಕಿವಿಗೆ ಬರಿಯ ಸದ್ದಲ್ಲ. ವರ್ಷಗಟ್ಟಲೆ ಮದ್ಯದ ಜೊತೆಜೊತೆಗೇ ಕೇಳಿಸಿಕೊಂಡ ಸದ್ದು, ಕಂಡ ಬೆಳಕು, ಮೂಗಿಗೆ ಬಡಿದ ವಾಸನೆ ಎಲ್ಲವನ್ನೂ ಮಿದುಳು ಮದ್ಯಕ್ಕೇ ಕಟ್ಟಿಹಾಕಿರುತ್ತದೆ. ಅವು ಎದುರಾದರೆ ಸಾಕು, ಗುಟುಕು ಗಂಟಲಿಗಿಳಿಯುವ ಮೊದಲೇ ಡೋಪಮೈನ್ ವ್ಯವಸ್ಥೆ ಎಚ್ಚರಗೊಂಡು ‘ಬೇಕು’ ಎನ್ನುತ್ತದೆ. ಬಾರಿನಲ್ಲಿ ಕೂತು ಬರೀ ತಂಪು ಪಾನೀಯ ಕುಡಿದರಾಯಿತಲ್ಲ ಎಂಬ ಯೋಚನೆ ಬಿಲ್‌ಗೆ ಬಂತು. ಆ ಯೋಚನೆ ಎಲ್ಲಿಗೆ ಕರೆದೊಯ್ಯುತ್ತದೆಂಬುದು ನೆನಪಾಗಿ ಬೆವೆತ. ಟೆಲಿಫೋನಿನ ಕಡೆಗೆ ನಡೆದ. ಪಟ್ಟಿಯಲ್ಲಿದ್ದ ಪಾದ್ರಿ ವಾಲ್ಟರ್ ಟಂಕ್ಸ್ ಅವರಿಗೆ ಕರೆ ಮಾಡಿ ಅವನು ಕೇಳಿದ್ದು ವಿಚಿತ್ರವಾದ ಸಹಾಯ. ಬುದ್ಧಿಮಾತು ಬೇಡ, ಪ್ರಾರ್ಥನೆ ಬೇಡ, ಸಾಲ ಬೇಡ. ಮಾತಾಡಲು ಇನ್ನೊಬ್ಬ ಕುಡುಕ ಬೇಕು.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ, ಜನ ‘ಎಎ’ ಎಂದು ಕರೆಯುವ ಬಳಗದ ಬೀಜ ಈ ಬೇಡಿಕೆಯಲ್ಲೇ ಇದೆ ಎಂಬುದು ನನ್ನ ನಂಬಿಕೆ. ಕುಡಿತದಿಂದ ಹೊರಬರಲು ಬಳಗ ಹಾಕಿಕೊಂಡ ದಾರಿಯಾದ ಹನ್ನೆರಡು ಹೆಜ್ಜೆಗಳು ಬಂದದ್ದು ಆಮೇಲೆ. ದೇವರ ಕುರಿತ ಜಗಳಗಳೂ ಆಮೇಲಿನವು.

ಬಿಲ್ ಹುಟ್ಟಿದ್ದು 1895ರಲ್ಲಿ, ವರ್ಮಾಂಟ್ ರಾಜ್ಯದಲ್ಲಿ. ಕುಡಿತ ಹತ್ತಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಸೈನ್ಯದ ಎಳೆಯ ಅಧಿಕಾರಿಯಾಗಿದ್ದಾಗ. ಆಮೇಲೆ ವಾಲ್ ಸ್ಟ್ರೀಟ್ ಸೇರಿದ. ಹೆಂಡತಿ ಲೋಯಿಸ್ ಜೊತೆ ಮೋಟರ್ ಸೈಕಲ್ಲಿನಲ್ಲಿ ಊರೂರು ಸುತ್ತಿ, ಕಂಪನಿಗಳ ನಿಜಸ್ಥಿತಿಯನ್ನು ಕಣ್ಣಾರೆ ಕಂಡು ಹೂಡಿಕೆದಾರರಿಗೆ ವರದಿ ಬರೆಯುತ್ತಿದ್ದ ಜಾಣ. 1929ರ ಷೇರುಪೇಟೆ ಕುಸಿತದಲ್ಲಿ ದುಡ್ಡು ಹೋಯಿತು, ಕುಡಿತ ಉಳಿಯಿತು. ಬ್ರೂಕ್ಲಿನ್‌ನ ಕ್ಲಿಂಟನ್ ಸ್ಟ್ರೀಟಿನಲ್ಲಿದ್ದ ಮಾವನ ಮನೆಯಲ್ಲಿ ವಾಸ, ಲೋಯಿಸ್‌ಗೆ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ದುಡಿಮೆ. 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧವಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಬಿಲ್‌ನ ಕುಡಿತ ಹದಗೆಟ್ಟದ್ದು ಕಾನೂನು ಮದ್ಯವನ್ನು ನಿಷೇಧಿಸಿದ್ದ ಆ ಕಾಲದಲ್ಲೇ.

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಅವನು ಮತ್ತೆ ಮತ್ತೆ ದಾಖಲಾದ. ಅಲ್ಲಿದ್ದ ಡಾ. ವಿಲಿಯಂ ಸಿಲ್ಕ್‌ವರ್ತ್ ಹೇಳುತ್ತಿದ್ದುದು ಆ ಕಾಲಕ್ಕೆ ಅಪರೂಪದ ಮಾತು: ಇದು ನಡತೆಗೇಡಲ್ಲ, ಕಾಯಿಲೆ. ದೇಹಕ್ಕೆ ಮದ್ಯದ ‘ಅಲರ್ಜಿ’, ಮನಸ್ಸಿಗೆ ಅದರ ಗೀಳು. ಮೊದಲ ಗುಟುಕು ಬಿದ್ದರೆ ದೇಹ ನಿಲ್ಲಲು ಬಿಡುವುದಿಲ್ಲ, ಮೊದಲ ಗುಟುಕಿನಿಂದ ದೂರವಿರಲು ಮನಸ್ಸು ಬಿಡುವುದಿಲ್ಲ. ಅಲರ್ಜಿ ಎಂಬ ಪದ ಇಂದಿನ ವೈದ್ಯವಿಜ್ಞಾನದಲ್ಲಿ ನಿಲ್ಲುವುದಿಲ್ಲ. ರೋಗನಿರೋಧಕ ವ್ಯವಸ್ಥೆಗೂ ಮದ್ಯವ್ಯಸನಕ್ಕೂ ಅವರು ಹೇಳಿದ ಬಗೆಯ ನಂಟಿಲ್ಲ. ಆದರೂ ಆ ತಪ್ಪು ಪದ ದೊಡ್ಡ ಕೆಲಸ ಮಾಡಿತು. ಜೀವನವಿಡೀ ‘ನಿನಗೆ ಮಾನ ಮರ್ಯಾದೆ ಇಲ್ಲವೇ’ ಎಂದೇ ಕೇಳಿಸಿಕೊಂಡವನಿಗೆ ‘ನಿನಗೊಂದು ರೋಗವಿದೆ’ ಎಂದು ಹೇಳುವ ವೈದ್ಯರು ಸಿಕ್ಕಿದ್ದರು.

1934ರ ನವೆಂಬರಿನಲ್ಲಿ ಹಳೆಯ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದ. ಅಡುಗೆಮನೆಯ ಮೇಜಿನ ಮೇಲೆ ಅನಾನಸ್ ರಸ ಬೆರೆಸಿದ ಜಿನ್. ಬಿಲ್ ಗ್ಲಾಸು ಮುಂದೆ ತಳ್ಳಿದರೆ ಎಬಿ ಬೇಡವೆಂದ. ಎಬಿ ಬೇಡವೆನ್ನುವುದೇ? ಬಿಲ್‌ಗೆ ನಂಬಿಕೆಯೇ ಬರಲಿಲ್ಲ. ಫ್ರ್ಯಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗವನ್ನು ಎಬಿ ಸೇರಿದ್ದ. ತಪ್ಪೊಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು, ದೇವರಿಗೆ ಶರಣಾಗುವುದು ಅಲ್ಲಿನ ರೂಢಿ. ಅವನನ್ನು ಅಲ್ಲಿಗೆ ಸೇರಿಸಿದವರಲ್ಲಿ ರೋಲಂಡ್ ಹಜಾರ್ಡ್ ಎಂಬ ಉದ್ಯಮಿಯೂ ಒಬ್ಬ. ಈ ರೋಲಂಡ್ ಸ್ವಿಟ್ಜರ್ಲೆಂಡಿಗೆ ಹೋಗಿ ಮನೋವೈದ್ಯ ಕಾರ್ಲ್ ಯೂಂಗ್ ಬಳಿ ಚಿಕಿತ್ಸೆ ಪಡೆದು, ಮತ್ತೆ ಕುಡಿದು, ಮತ್ತೆ ಅವರ ಬಳಿಗೇ ಹೋಗಿದ್ದವನು. ವೈದ್ಯದಿಂದ ಇನ್ನು ಆಗದು, ಬದುಕನ್ನೇ ಬುಡಮೇಲು ಮಾಡುವಂಥ ಆಧ್ಯಾತ್ಮಿಕ ಅನುಭವವಾದರೆ ಉಂಟು ಎಂದಿದ್ದರಂತೆ ಯೂಂಗ್. ಹೆಸರಾಂತ ವೈದ್ಯರೊಬ್ಬರು ತಮ್ಮ ಮಿತಿಯನ್ನು ಹೀಗೆ ರೋಗಿಯ ಮುಂದೆ ಬಿಚ್ಚಿಟ್ಟದ್ದು ನನ್ನನ್ನು ಬಹಳ ತಟ್ಟುತ್ತದೆ. ಬಿಲ್ 1961ರ ಜನವರಿಯಲ್ಲಿ ಯೂಂಗ್ ಅವರಿಗೆ ಕೃತಜ್ಞತೆಯ ಪತ್ರ ಬರೆದ. ಅದೇ ತಿಂಗಳು ಉತ್ತರವೂ ಬಂತು. ಅದೇ ವರ್ಷ ಯೂಂಗ್ ತೀರಿಕೊಂಡರು.

ಎಬಿ ಬಂದುಹೋದ ಮೇಲೂ ಬಿಲ್ ಕುಡಿದ. ಡಿಸೆಂಬರ್ 11ರಂದು ಕೊನೆಯ ಸಲ ಟೌನ್ಸ್ ಆಸ್ಪತ್ರೆ ಸೇರಿದ. ಎರಡು ಮೂರು ದಿನಗಳಲ್ಲಿ, ಹತಾಶೆಯ ತಳ ಮುಟ್ಟಿದ್ದಾಗ, ಕೋಣೆ ತುಂಬ ಬಿಳಿಯ ಬೆಳಕು ಕಂಡಿತು. ಬೆಟ್ಟದ ತುದಿಯಲ್ಲಿ ನಿಂತಂತೆ, ಗಾಳಿಯೊಂದು ತನ್ನನ್ನು ಹಾದುಹೋದಂತೆ ಅನ್ನಿಸಿತು. ಆ ಆಸ್ಪತ್ರೆಯ ಔಷಧಿಯಲ್ಲಿ ಬೆಲ್ಲಡೋನ ಗಿಡದ ಸಾರವಿರುತ್ತಿತ್ತು. ಅದರಲ್ಲಿರುವ ಅಟ್ರೋಪಿನ್, ಸ್ಕೋಪಲಮಿನ್ ಎಂಬ ರಾಸಾಯನಿಕಗಳು ಭ್ರಮೆ ಹುಟ್ಟಿಸಬಲ್ಲವು. ಮದ್ಯ ನಿಲ್ಲಿಸಿದ ಮೊದಲ ದಿನಗಳಲ್ಲಿ ಮಿದುಳೇ ತಾನಾಗಿ ಭ್ರಮೆ ಸೃಷ್ಟಿಸುವುದೂ ಉಂಟು. ಬಿಲ್‌ಗೂ ಅನುಮಾನ ಬಂತು, ತನಗೆ ಹುಚ್ಚು ಹಿಡಿಯಿತೇ ಎಂದು ಸಿಲ್ಕ್‌ವರ್ತ್ ಅವರನ್ನೇ ಕೇಳಿದ. ಹುಚ್ಚಲ್ಲ, ಏನಾಗಿದೆಯೋ ಅದನ್ನು ಗಟ್ಟಿಯಾಗಿ ಹಿಡಿದುಕೊ ಎಂದರು ವೈದ್ಯರು. ಬೆಳಕು ಬಂದದ್ದು ಎಲ್ಲಿಂದ ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಐದು ತಿಂಗಳು.

ಆ ಐದು ತಿಂಗಳು ಬಿಲ್ ಊರೆಲ್ಲ ಸುತ್ತಿ ಕುಡುಕರನ್ನು ಹುಡುಕಿದ, ಆಸ್ಪತ್ರೆಯಲ್ಲಿ ಕಂಡವರ ಪಕ್ಕ ಕೂತು ಬೆಳಕಿನ ಕಥೆ ಹೇಳಿದ, ಕೆಲವರನ್ನು ಮನೆಗೇ ಕರೆತಂದ. ಒಬ್ಬನಾದರೂ ಕುಡಿತ ಬಿಡಲಿಲ್ಲ. ಸೋತು ಕೂತಾಗ ಲೋಯಿಸ್ ಒಂದು ಸಂಗತಿಯನ್ನು ಎತ್ತಿ ತೋರಿಸಿದಳು: ಅವರು ಬಿಡದಿದ್ದರೇನು, ನೀನು ಕುಡಿದಿಲ್ಲವಲ್ಲ. ಸಿಲ್ಕ್‌ವರ್ತ್ ಇನ್ನೊಂದನ್ನು ತಿದ್ದಿದರು: ಉಪದೇಶ ನಿಲ್ಲಿಸು, ಮೊದಲು ರೋಗದ ವಿಷಯ ಹೇಳು, ನಿನ್ನ ಕಥೆ ಹೇಳು. ಈ ಎರಡು ಮಾತು ತಲೆಯಲ್ಲಿಟ್ಟುಕೊಂಡೇ ಅವನು ಆಕ್ರನ್ನಿಗೆ ಹೋದದ್ದು.

ಪಾದ್ರಿಗೆ ಮಾಡಿದ ಕರೆ ಒಂದರಿಂದ ಒಂದಕ್ಕೆ ಸಾಗಿ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿತು. ಆಕೆಯ ಪರಿಚಯದಲ್ಲೇ ಒಬ್ಬ ಕುಡುಕನಿದ್ದ: ಡಾ. ಬಾಬ್ ಸ್ಮಿತ್, 55 ವರ್ಷದ ಶಸ್ತ್ರವೈದ್ಯ. ಅವನೂ ವರ್ಮಾಂಟಿನವನೇ. ಎರಡು ವರ್ಷಕ್ಕೂ ಮಿಕ್ಕಿ ಆಕ್ಸ್‌ಫರ್ಡ್ ಗ್ರೂಪಿನ ಕೂಟಗಳಿಗೆ ಹೋಗುತ್ತ, ಅಷ್ಟೂ ಕಾಲ ಕುಡಿಯುತ್ತಲೇ ಇದ್ದವನು. ಆ ಶನಿವಾರವೂ ಮರುದಿನದ ತಾಯಂದಿರ ದಿನಕ್ಕೆಂದು ಹೂಕುಂಡವೊಂದನ್ನು ಹೊತ್ತು, ತೂರಾಡುತ್ತ ಮನೆಗೆ ಬಂದಿದ್ದ. ಭಾನುವಾರ ಸಂಜೆ ಐದಕ್ಕೆ ಹೆಂಡತಿ ಆ್ಯನ್ ಅವನನ್ನು ಬಿಲ್‌ನ ಭೇಟಿಗೆ ಹೆನ್ರಿಯೆಟ್ಟಾ ಮನೆಗೆ ಹೊರಡಿಸಿಕೊಂಡು ಬಂದಳು. ಹದಿನೈದೇ ನಿಮಿಷ ಎಂಬ ಷರತ್ತು ಹಾಕಿ ಬಂದವನು ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ.

ಬಿಲ್ ಅವನಿಗೆ ಉಪದೇಶ ಮಾಡಲಿಲ್ಲ. ತಾನು ಹೇಗೆ ಕುಡಿದೆ, ಹೇಗೆ ಸುಳ್ಳು ಹೇಳಿದೆ, ಹೇಗೆ ಆಣೆ ಮಾಡಿ ಮುರಿದೆ ಎಂಬುದನ್ನಷ್ಟೇ ಹೇಳಿದ. ನಿನ್ನನ್ನು ಉದ್ಧಾರ ಮಾಡಲು ಬಂದಿಲ್ಲ, ನನಗೆ ನೀನು ಬೇಕಾಗಿದ್ದೀಯೆ ಎಂದೇ ಮಾತು ಶುರುವಾದದ್ದು. ಕುಡಿತದ ಬಗ್ಗೆ ಬಾಬ್‌ಗೆ ಗೊತ್ತಿಲ್ಲದ ಮಾಹಿತಿಯೇನೂ ಇರಲಿಲ್ಲ, ಅವನೇ ವೈದ್ಯ. ಅವನನ್ನು ಹಿಡಿದು ಕೂರಿಸಿದ್ದು ಹೇಳುತ್ತಿದ್ದವನ ಅನುಭವ. ಮದ್ಯವ್ಯಸನವನ್ನು ಸ್ವಂತ ಅನುಭವದಿಂದ ಬಲ್ಲ ಮನುಷ್ಯನೊಬ್ಬ ತನ್ನ ಭಾಷೆಯಲ್ಲೇ ಮಾತಾಡಿದ್ದು ಅದೇ ಮೊದಲೆಂದು ಬಾಬ್ ಆಮೇಲೆ ಬರೆದ.

ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. ಕೆಲವೇ ವಾರಗಳಲ್ಲಿ ಬಾಬ್ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದ. ರೈಲಿನಲ್ಲೇ ಕುಡಿತ ಶುರುವಾಗಿತ್ತು. ಮರಳಿ ಬಂದಾಗ ಮೂರು ದಿನದಲ್ಲಿ ಒಂದು ಶಸ್ತ್ರಚಿಕಿತ್ಸೆ ಕಾದಿತ್ತು, ಕೈ ಮಾತ್ರ ನಡುಗುತ್ತಿತ್ತು. ಆ ನಡುಕದ ಮೂಲ ಹೀಗೆ: ಮದ್ಯವು ಮಿದುಳಿನ ‘ಗಾಬಾ’ ಎಂಬ ತಣಿಸುವ ವ್ಯವಸ್ಥೆಗೆ ಬಲ ಕೊಡುತ್ತದೆ, ‘ಗ್ಲುಟಮೇಟ್’ ಎಂಬ ಕೆರಳಿಸುವ ವ್ಯವಸ್ಥೆಯನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಸಮತೋಲಕ್ಕಾಗಿ ಮೊದಲನೆಯದನ್ನು ತಾನೇ ತಗ್ಗಿಸಿ ಎರಡನೆಯದನ್ನು ಏರಿಸಿಕೊಳ್ಳುತ್ತದೆ. ಒಮ್ಮೆಲೇ ಮದ್ಯ ನಿಂತಾಗ ಇಳಿಜಾರಿನಲ್ಲಿ ಬ್ರೇಕಿಲ್ಲದ ಗಾಡಿಯ ಸ್ಥಿತಿ. ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಕೆಲವರಿಗೆ ಅಪಸ್ಮಾರದಂಥ ಸೆಳೆತ ಬರುತ್ತದೆ, ಡೆಲಿರಿಯಂ ಟ್ರೆಮೆನ್ಸ್ ಎಂಬ ಸನ್ನಿಗೆ ತಿರುಗಿದರೆ ಪ್ರಾಣವೂ ಹೋಗಬಹುದು. ಬಹಳ ಕುಡಿಯುವವರು ಮನೆಯಲ್ಲೇ ಹಠಾತ್ತನೆ ನಿಲ್ಲಿಸುವುದು ಅಪಾಯವೆಂದು ವೈದ್ಯರು ಎಚ್ಚರಿಸುವುದು ಇದಕ್ಕೇ. ಆ ಬೆಳಿಗ್ಗೆ ಬಿಲ್ ತಾನೇ ಬಾಬ್ ಕೈಗೆ ಒಂದು ಬಾಟಲಿ ಬಿಯರ್ ಕೊಟ್ಟ, ಕೈ ನಿಲ್ಲಲಿ ಎಂದು. ಶಸ್ತ್ರಚಿಕಿತ್ಸೆ ಮುಗಿಸಿದ ಬಾಬ್ ಗಂಟೆಗಟ್ಟಲೆ ಮನೆಗೆ ಬರಲಿಲ್ಲ. ಬಿಲ್, ಆ್ಯನ್ ಇಬ್ಬರಿಗೂ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಅವನು ತಾನು ನೋಯಿಸಿದವರ, ಸಾಲ ಉಳಿಸಿಕೊಂಡವರ ಮನೆ ಮನೆಗೆ ಹೋಗಿದ್ದ. ಆ ಬಿಯರೇ ಅವನ ಕೊನೆಯ ಮದ್ಯ. ಅದು ನಡೆದ ದಿನವೆಂದು ಬಳಗ ಹೇಳುವ 1935ರ ಜೂನ್ 10 ಇಂದಿಗೂ ಎಎ ಹುಟ್ಟಿದ ದಿನ.

ಇಬ್ಬರಾದ ಕೂಡಲೇ ಅವರು ಮೂರನೆಯವನನ್ನು ಹುಡುಕಿದರು. ಆಕ್ರನ್ ಆಸ್ಪತ್ರೆಯಲ್ಲಿ ನರ್ಸ್‌ಗಳ ಮೇಲೆ ಕೈಮಾಡಿ ಹಾಸಿಗೆಗೆ ಕಟ್ಟಿಸಿಕೊಂಡಿದ್ದ ವಕೀಲ ಬಿಲ್ ಡಾಟ್ಸನ್ ಸಿಕ್ಕಿದ. ಆರು ತಿಂಗಳಲ್ಲಿ ಎಂಟು ಸಲ ಆಸ್ಪತ್ರೆ ಕಂಡವನು. ಇಬ್ಬರೂ ಹಾಸಿಗೆಯ ಪಕ್ಕ ಕೂತು ತಮ್ಮ ತಮ್ಮ ಕಥೆ ಹೇಳಿದರು. ಅವನು ಮತ್ತೆಂದೂ ಕುಡಿಯಲಿಲ್ಲ.

ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದು ಹೊಸತೆನಿಸದು. ಶಿಬಿರ ಮುಗಿಸಿದವರು ಊರಿಗೆ ಮರಳಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ಕಾಯುತ್ತಾರೆ, ನೂರು ದಿನ ತುಂಬಿದರೆ ಶತದಿನೋತ್ಸವ ಮಾಡುತ್ತಾರೆ. ಎಎಗೂ ಇದಕ್ಕೂ ವಂಶದ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಬಿಟ್ಟವನ ಪಕ್ಕ ಬಿಟ್ಟ ಇನ್ನೊಬ್ಬನೇ ಕೂರಬೇಕೆಂಬ ತಿಳಿವಳಿಕೆ ಎರಡು ಕಡೆಯೂ ಒಂದೇ.

1937ರ ಶರತ್ಕಾಲದಲ್ಲಿ ಬಿಲ್ ಮತ್ತು ಬಾಬ್ ಕೂತು ಲೆಕ್ಕ ಹಾಕಿದರೆ ಗಟ್ಟಿಯಾಗಿ ಬಿಟ್ಟವರು ಸುಮಾರು ನಲವತ್ತು ಜನ. ಬಾಯಿಂದ ಬಾಯಿಗೆ ಹೋಗುವ ಅನುಭವವನ್ನು ದೂರದೂರಿಗೆ ಕಳಿಸಲು ಪುಸ್ತಕವೇ ದಾರಿಯೆಂದು ತೀರ್ಮಾನವಾಯಿತು. ಹಣಕ್ಕಾಗಿ ಕೋಟ್ಯಧಿಪತಿ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರನ್ನು ಕೇಳಿದಾಗ ಅವರು ಕೊಟ್ಟದ್ದು 5,000 ಡಾಲರ್ ಮಾತ್ರ. ದುಡ್ಡು ಈ ಕೆಲಸವನ್ನು ಕೆಡಿಸುತ್ತದೆಂಬುದು ಅವರ ಭಯ. ಬಿಲ್‌ಗೆ ನಿರಾಸೆಯಾದರೂ ಮುಂದೆ ಅದೇ ಬಳಗದ ನಿಯಮವಾಯಿತು: ಹೊರಗಿನವರ ದೇಣಿಗೆ ಬೇಡ.

1938ರ ಡಿಸೆಂಬರಿನಲ್ಲಿ ಬಿಲ್ ಹನ್ನೆರಡು ಹೆಜ್ಜೆಗಳನ್ನು ಬರೆದ. ದೇವರ ಮಾತು ಬಂದಲ್ಲೆಲ್ಲ ನ್ಯೂಯಾರ್ಕ್ ಗುಂಪಿನಲ್ಲಿ ಜಗಳ. ಧಾರ್ಮಿಕರಿಗೆ ಅದು ಸಾಲದು, ಜಿಮ್ ಬರ್ವೆಲ್‌ನಂಥ ಸಂದೇಹವಾದಿಗಳಿಗೆ ಅದು ಹೆಚ್ಚು. ‘ಮೊಣಕಾಲೂರಿ’ ಎಂಬ ಮಾತನ್ನು ತೆಗೆದರು, ‘ನಾವು ಅರಿತಂತೆ ದೇವರು’ ಎಂದು ಸೇರಿಸಿದರು. ನಾಸ್ತಿಕನೂ ಒಳಗೆ ಕಾಲಿಡುವಷ್ಟು ಬಾಗಿಲು ತೆರೆಯಿತು. 1939ರ ಏಪ್ರಿಲ್‌ನಲ್ಲಿ ಪುಸ್ತಕ ಬಂತು, ಬೆಲೆ ಮೂರೂವರೆ ಡಾಲರ್. ಕೊಂಡವರಿಗೆ ಕಾಸಿಗೆ ತಕ್ಕ ತೂಕ ಸಿಗಲೆಂದು ದಪ್ಪ ಕಾಗದ ಹಾಕಿದ್ದರಿಂದ ಅದಕ್ಕೆ ‘ದೊಡ್ಡ ಪುಸ್ತಕ’ ಎಂಬ ಹೆಸರೇ ಬಿತ್ತು. ಪ್ರತಿಗಳು ಗೋದಾಮಿನಲ್ಲೇ ಉಳಿದವು. ಅದೇ ತಿಂಗಳು ಬಿಲ್ ದಂಪತಿಗೆ ಕ್ಲಿಂಟನ್ ಸ್ಟ್ರೀಟಿನ ಮನೆಯೂ ತಪ್ಪಿತು, ಎರಡು ವರ್ಷ ಅವರಿವರ ಮನೆಯಲ್ಲಿ ಕಳೆದರು. 1941ರ ಮಾರ್ಚ್ 1ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನ ಬಂದ ಮೇಲೆ ಎಲ್ಲ ಬದಲಾಯಿತು. ವರ್ಷದ ಆರಂಭದಲ್ಲಿ ಎರಡು ಸಾವಿರದಷ್ಟಿದ್ದ ಬಳಗ ಕೊನೆಗೆ ಎಂಟು ಸಾವಿರವಾಗಿತ್ತು.

ಇಂಥ ಬಳಗ ಅದೇ ಮೊದಲಲ್ಲ. 1840ರಲ್ಲಿ ಬಾಲ್ಟಿಮೋರಿನ ಹೆಂಡದಂಗಡಿಯೊಂದರಲ್ಲಿ ಆರು ಗೆಳೆಯರು ಕುಡಿತ ಬಿಡುವ ಪ್ರತಿಜ್ಞೆ ಮಾಡಿ ‘ವಾಷಿಂಗ್ಟೋನಿಯನ್’ ಸಂಘ ಕಟ್ಟಿದ್ದರು. ಅವರೂ ತಮ್ಮ ಕಥೆ ಹೇಳಿಕೊಂಡೇ ಬೆಳೆದರು, ಲಕ್ಷಗಟ್ಟಲೆ ಜನ ಸೇರಿದರು, 1842ರಲ್ಲಿ ಈ ಸಂಘದ ಸಭೆಯೊಂದರಲ್ಲಿ ಅಬ್ರಹಾಂ ಲಿಂಕನ್ ಭಾಷಣ ಮಾಡಿದರು. ಕೆಲವೇ ವರ್ಷಗಳಲ್ಲಿ ಸಂಘ ಕರಗಿತು. ಪಾನನಿಷೇಧದ ರಾಜಕೀಯ, ಒಳಜಗಳ, ವೇದಿಕೆಯ ಹೀರೋಗಳು ಅದನ್ನು ತಿಂದುಹಾಕಿದವು. ಬಿಲ್ ಈ ಚರಿತ್ರೆಯಿಂದ ಪಾಠ ಕಲಿತ. 1946ರಲ್ಲಿ ಪ್ರಕಟವಾಗಿ 1950ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಒಪ್ಪಿಗೆಯಾದ ಹನ್ನೆರಡು ಸಂಪ್ರದಾಯಗಳ ಪ್ರಕಾರ ಎಎ ಹೊರಗಿನ ಯಾವ ವಿವಾದಕ್ಕೂ ಅಭಿಪ್ರಾಯ ಕೊಡುವುದಿಲ್ಲ, ಸದಸ್ಯರು ಪತ್ರಿಕೆಗಳಲ್ಲಿ ಹೆಸರು ತೋರಿಸುವುದಿಲ್ಲ. ಯೇಲ್ ವಿಶ್ವವಿದ್ಯಾಲಯ ಕೊಡಲು ಬಂದ ಗೌರವ ಡಾಕ್ಟರೇಟನ್ನು ಬಿಲ್ ಬೇಡವೆಂದದ್ದು ಇದೇ ನಿಯಮಕ್ಕೆ ಬದ್ಧನಾಗಿ.

ಹೆಸರಿಲ್ಲದ, ದಾಖಲೆಯಿಲ್ಲದ ಬಳಗವನ್ನು ಅಳೆಯುವುದು ವಿಜ್ಞಾನಕ್ಕೆ ಸುಲಭವಾಗಲಿಲ್ಲ. ಸಭೆಗೆ ಹೋಗುವವರು ಮೊದಲೇ ಗಟ್ಟಿ ಮನಸ್ಸು ಮಾಡಿದವರಿರಬಹುದಲ್ಲ? ಆದ್ದರಿಂದ ಸಂಶೋಧಕರು ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ, ಕೆಲವರನ್ನು ಹನ್ನೆರಡು ಹೆಜ್ಜೆಗಳ ಕಡೆ ಕಳಿಸುವ ಚಿಕಿತ್ಸೆಗೆ, ಕೆಲವರನ್ನು ಬೇರೆ ಮನೋಚಿಕಿತ್ಸೆಗೆ ಒಳಪಡಿಸಿ ಹೋಲಿಸಿದರು. ಅಂಥ ಅಧ್ಯಯನಗಳೂ ಸೇರಿದಂತೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಲ್ಲಿ, ವರ್ಷವಿಡೀ ಮದ್ಯ ಮುಟ್ಟದೆ ಉಳಿದವರು ಎಎ ದಾರಿಯಲ್ಲಿ ಶೇ 42, ಉಳಿದ ಚಿಕಿತ್ಸೆಗಳಲ್ಲಿ ಶೇ 35. ಪವಾಡವಲ್ಲ, ಆದರೆ ಉಚಿತವಾಗಿ ಸಿಗುವ ಕೂಟಕ್ಕೆ ಇದು ಸಣ್ಣ ಸಾಧನೆಯೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ವರ್ಷ ತುಂಬಲಿಲ್ಲ ಎಂಬುದೂ ಇದೇ ಅಂಕಿಯೊಳಗಿದೆ. ಮದ್ಯದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಿ ಬೇಕಾದವರಿಗೆ ಸಭೆಯ ಹೆಸರಿನಲ್ಲಿ ಅದನ್ನು ತಪ್ಪಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ನನಗೆ ಹೆಚ್ಚು ಕಾಡುವುದು ಇನ್ನೊಂದು ಲೆಕ್ಕ. 1,726 ಮದ್ಯವ್ಯಸನಿಗಳ ಮೇಲೆ ಅಮೆರಿಕದಲ್ಲಿ ನಡೆದ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ದೊಡ್ಡ ಅಧ್ಯಯನದ ಮಾಹಿತಿಯನ್ನು ಮರಿಯಾ ಪಗಾನೋ ಮತ್ತು ಸಂಗಡಿಗರು ಮತ್ತೆ ಜಾಲಾಡಿ 2004ರಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಕೊನೆಯ ಹೊತ್ತಿಗೆ ಬೇರೆ ಕುಡುಕರಿಗೆ ನೆರವಾಗುತ್ತಿದ್ದವರಲ್ಲಿ ಶೇ 40ರಷ್ಟು ಮಂದಿ ಮುಂದಿನ ವರ್ಷ ಮತ್ತೆ ಕುಡಿತಕ್ಕೆ ಬೀಳಲಿಲ್ಲ. ನೆರವಾಗದವರಲ್ಲಿ ಆ ಪ್ರಮಾಣ ಶೇ 22. ಗಟ್ಟಿಯಾದವರೇ ನೆರವಾಗಲು ಮುಂದೆ ಬಂದಿರಬಹುದೆಂಬ ಅನುಮಾನ ಇಲ್ಲೂ ಉಳಿಯುತ್ತದೆ. ಆದರೆ ಲೋಯಿಸ್ ಅಂಕಿಅಂಶವಿಲ್ಲದೆ 1935ರಲ್ಲೇ ಹೇಳಿದ ಮಾತು ಇದೇ ಅಲ್ಲವೇ?

ಡಾ. ಬಾಬ್ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಜೊತೆ ಸೇರಿ ಸುಮಾರು ಐದು ಸಾವಿರ ಮದ್ಯವ್ಯಸನಿಗಳನ್ನು ಶುಲ್ಕ ಪಡೆಯದೆ ನೋಡಿಕೊಂಡು 1950ರಲ್ಲಿ ತೀರಿಕೊಂಡ. ಬಿಲ್ 1971ರಲ್ಲಿ ಹೋದ. ಬಿಡಲಾಗದೆ ಸೇದಿದ ಸಿಗರೇಟು ಅವನ ಶ್ವಾಸಕೋಶವನ್ನು ತಿಂದಿತ್ತು.

ಅಡುಗೆಮನೆಯಲ್ಲಿ ಮೊದಲು ಬೇಡವೆಂದ ಎಬಿ ಎರಡೂವರೆ ವರ್ಷದ ಬಳಿಕ ಮತ್ತೆ ಕುಡಿದ. ಬಿಟ್ಟ, ಕುಡಿದ, ಬಿಟ್ಟ, ಮತ್ತೆ ಕುಡಿದ. ಹೀಗೆಯೇ ದಶಕಗಳು ಕಳೆದವು. ಬಿಲ್ ಅವನ ಕೈ ಬಿಡಲಿಲ್ಲ, ಕೊನೆಯವರೆಗೂ ಅವನನ್ನು ‘ನನ್ನ ಸ್ಪಾನ್ಸರ್’, ಅಂದರೆ ಕುಡಿತ ಬಿಡುವ ದಾರಿ ತೋರಿದವನು, ಎಂದೇ ಕರೆದ. 1966ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆರೈಕೆ ಮನೆಯೊಂದರಲ್ಲಿ ಎಬಿ ಕಣ್ಣು ಮುಚ್ಚಿದಾಗ ಅವನು ಕೊನೆಯ ಸಲ ಕುಡಿದು ಎರಡು ವರ್ಷದಷ್ಟಾಗಿತ್ತು.