ಟೆಸ್ಟ್ ಎಷ್ಟು ಹೊತ್ತು ಕಾಯಬೇಕು?

ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಕೊಯ್ಲಿನ ಲೆಕ್ಕ ಇಡುವ ಆ್ಯಪ್ ಒಂದಿದೆ ಎನ್ನಿ. ತೋಟದ ರೈಟರ್ ಕೆಲಸಗಾರರ ಹೆಸರು ಆರಿಸಿ, ಹಣ್ಣಿನ ತೂಕ ಹಾಕಿ ‘ಸೇವ್’ ಒತ್ತಿದರೆ ಆ ದಿನದ ಕೂಲಿ ಸ್ಕ್ರೀನಿನಲ್ಲಿ ಬರಬೇಕು. ಇದೆಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ತಾನಾಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮೇ ಟೆಸ್ಟ್. ಈ ಟೆಸ್ಟ್ ಲ್ಯಾಪ್‌ಟಾಪಿನಲ್ಲಿ ಪಾಸ್, ಬಿಲ್ಡ್ ಸರ್ವರಿನಲ್ಲಿ (ಕೋಡ್ ಬದಲಾದಾಗ ಟೆಸ್ಟುಗಳನ್ನು ತಾನಾಗಿ ಓಡಿಸುವ ಯಂತ್ರ) ಆಗಾಗ ಫೇಲ್. ಆಗ ಬಹಳ ಜನ ಮಾಡುವುದು ಒಂದೇ: 5 ಸೆಕೆಂಡಿನ ಸ್ಲೀಪ್, ಅಂದರೆ ಅಷ್ಟು ಹೊತ್ತು ಸುಮ್ಮನೆ ನಿಲ್ಲು ಎಂಬ ಸಾಲು, ಸೇರಿಸುವುದು.

ದಯವಿಟ್ಟು ಹಾಗೆ ಮಾಡಬೇಡಿ. ಕೂಲಿ ಅರ್ಧ ಸೆಕೆಂಡಿಗೇ ಬಂದರೂ ಸ್ಲೀಪ್ ಪೂರ್ತಿ 5 ಸೆಕೆಂಡು ತಿನ್ನುತ್ತದೆ. 6ನೇ ಸೆಕೆಂಡಿಗೆ ಬಂದರೆ ಟೆಸ್ಟ್ ಮತ್ತೆ ಫೇಲ್. ಅಂಥದ್ದು 200 ಕಡೆ ಇದ್ದರೆ ಸುಮಾರು 17 ನಿಮಿಷ ಬರೀ ಕಾಯುವುದಕ್ಕೇ ಹೋಗುತ್ತದೆ. ಕೂಲಿಯ ಅಂಕಿ ಕಾಣುವವರೆಗೆ ಕಾಯಿರಿ, ಅದಕ್ಕೊಂದು ಟೈಮ್‌ಔಟ್ (ಇಷ್ಟರೊಳಗೆ ಬಾರದಿದ್ದರೆ ಫೇಲ್ ಎಂಬ ಮಿತಿ) ಕೊಡಿ. ಅಂಕಿ ಕಂಡ ಕೂಡಲೇ ಟೆಸ್ಟ್ ಮುಂದೆ ಹೋಗುವುದರಿಂದ, ಮಿತಿ ತುಸು ಧಾರಾಳವಾಗಿದ್ದರೂ ಪಾಸ್ ಆಗುವ ಟೆಸ್ಟಿಗೆ ನಷ್ಟವಿಲ್ಲ.

ಮಿತಿ ಎಷ್ಟು? ಬಿಲ್ಡ್ ಸರ್ವರಿನಲ್ಲೇ, ಅದರ ಮೇಲೆ ಹೊರೆ ಇರುವಾಗ, ಅದೇ ಟೆಸ್ಟನ್ನು 50 ಸಲ ಓಡಿಸಿ ಅಳೆಯಿರಿ. ಅತಿ ನಿಧಾನದ್ದು 2.8 ಸೆಕೆಂಡಾದರೆ ಅದರ ಮೂರು ಪಟ್ಟು 8.4; ಮಿತಿಯನ್ನು ದುಂಡಾಗಿ 10 ಸೆಕೆಂಡು ಇಡಿ. ಬ್ರೌಸರ್ ಟೆಸ್ಟುಗಳನ್ನು ಬರೆಯುವ ಪ್ಲೇರೈಟ್ ಎಂಬ ಸಾಧನದಲ್ಲಿ ಇಂಥ ಒಂದು ಪರಿಶೀಲನೆಗೆ ತಾನಾಗಿ ಸಿಗುವುದು 5 ಸೆಕೆಂಡು, ಇಡೀ ಟೆಸ್ಟಿಗೆ 30. ತಲಾ 10 ಸೆಕೆಂಡಿನ ನಾಲ್ಕು ಕಾಯುವಿಕೆಗಳು ಆ 30ರೊಳಗೆ ಹಿಡಿಸುವುದಿಲ್ಲ. ಎಲ್ಲವೂ ನಿಧಾನವಾದ ದಿನ ಹೊರಗಿನ, ಅಂದರೆ ಇಡೀ ಟೆಸ್ಟಿನ, ಮಿತಿಯೇ ಮೊದಲು ಮುಗಿಯುತ್ತದೆ, ಯಾವ ಹೆಜ್ಜೆ ಎಡವಿತು ಎಂಬುದು ಮಸುಕಾಗುತ್ತದೆ. ಹೊರಗಿನದನ್ನೂ ಏರಿಸಿ.

ಇಂಥದ್ದೇ ಇನ್ನೊಂದು ಸಾಧನ ಸೆಲೆನಿಯಂ ಬಳಸುವವರು ಇಂಪ್ಲಿಸಿಟ್ (ಪ್ರತಿ ಹುಡುಕಾಟಕ್ಕೂ ಅನ್ವಯಿಸುವ), ಎಕ್ಸ್‌ಪ್ಲಿಸಿಟ್ (ಒಂದು ನಿರ್ದಿಷ್ಟ ಷರತ್ತಿಗೆ ಕಾಯುವ) ವೇಟ್‌ಗಳನ್ನು ಬೆರೆಸಬಾರದು: ಕ್ರಮವಾಗಿ 10 ಮತ್ತು 15 ಸೆಕೆಂಡು ಕೊಟ್ಟರೆ ಟೈಮ್‌ಔಟ್ 20 ಸೆಕೆಂಡಿಗೆ ಆಗಬಹುದು.

ಹಾಗೆಂದು ಎಲ್ಲಕ್ಕೂ 60 ಬರೆದುಬಿಡುವುದೂ ಸರಿಯಲ್ಲ. ಆ್ಯಪ್‌ನ ಸರ್ವರ್ ಬಿದ್ದ ದಿನ 40 ಟೆಸ್ಟುಗಳು ಒಂದಾದ ಮೇಲೊಂದು 60 ಸೆಕೆಂಡು ಕಾದರೆ 40 ನಿಮಿಷ ಹೋಯಿತು. ಸರ್ವರ್ ಎದ್ದಿದೆಯೇ ಎಂದು ಶುರುವಿನಲ್ಲೇ ಒಮ್ಮೆ ನೋಡಿ. ಏಳುವುದಕ್ಕೆ ಬೇಕಾದ ದೊಡ್ಡ ಮಿತಿ ಅಲ್ಲಿಗೆ ಮಾತ್ರ ಇರಲಿ.

‘ದೋಷದ ಸಂದೇಶ ಬಂದಿಲ್ಲ’ ಎಂಬ ಪರಿಶೀಲನೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ‘ಸೇವ್’ ಒತ್ತಿದ ಮರುಕ್ಷಣ ನೋಡಿದರೆ ಸಂದೇಶ ಇರುವುದೇ ಇಲ್ಲ, ಟೆಸ್ಟ್ ಸುಳ್ಳೇ ಪಾಸ್. ಮೊದಲು ಕೂಲಿ ಕಾಣಲಿ, ಆಮೇಲೆ ಇದನ್ನು ಕೇಳಿ.

ಮೂಡಿಗೆರೆಯ ಗುಡ್ಡದ ಮೇಲೆ ಸಿಗ್ನಲ್ ಕುಂಟುವಾಗ ಆ್ಯಪ್ ಎಷ್ಟು ಬೇಗ ಓಡುತ್ತದೆ ಎಂಬುದಕ್ಕೆ ಬೇರೆಯೇ ವೇಗದ ಟೆಸ್ಟ್ ಬರೆಯಿರಿ. ಕೂಲಿ ಲೆಕ್ಕದ ಟೆಸ್ಟಿನ ಟೈಮ್‌ಔಟನ್ನು ಬಿಗಿ ಮಾಡಿ ಅದನ್ನು ಅಳೆಯಲು ಹೋಗಬೇಡಿ.